ಬಾವಲಿ ಜಹಗೀರ್ದಾರನ ಹಲ್ಲು

ನಮ್ಮೂರಿನಲ್ಲಿ ಮರ್ಯಾದಸ್ಥರು ಯಾವ ಸಿನಿಮಾವನ್ನೂ ಶುಕ್ರವಾರ ನೋಡುವುದಿಲ್ಲ. ಶುಕ್ರವಾರದ ಸಿನಿಮಾ ಹಸಿ ಮಾವಿನಕಾಯಿ ಇದ್ದ ಹಾಗೆ, ಹಲ್ಲು ಗಟ್ಟಿ ಇದ್ದವರು ಮಾತ್ರ ಹೋಗಬೇಕು. ಮೊದಲ ಆಟ ಬಿಟ್ಟ ಮೇಲೆ ಜನ ಕಮಲಾಕ್ಷಿ ಟಾಕೀಸಿನ ಎದುರಿಗಿರುವ ಹೊಂಗೆಮರದ ಕೆಳಗೆ, ಅಂದರೆ ನನ್ನ ಮಂಡಕ್ಕಿ ಅಂಗಡಿಯ ಮುಂದೆ, ನಿಂತು ಬಾಯಿಬಿಟ್ಟು ಅಭಿಪ್ರಾಯ ಹೇಳುತ್ತಾರೆ. ಫೈಟು ಜಾಸ್ತಿಯಾಯಿತು ಅಂದರೆ ಮುಂದಿನ ಆಟದಲ್ಲಿ ಫೈಟು ಕಮ್ಮಿ ಇರುತ್ತದೆ. ಆ ತಾಯಿ ಸಾಯಬಾರದಿತ್ತು ಅಂದರೆ ಸಾಯುವುದಿಲ್ಲ. ಹಾಗೆ ಬದುಕಿಕೊಂಡ ಒಬ್ಬ ತಾಯಿ, ಆಮೇಲೆ ಆಡಲು ಮಾತಿಲ್ಲದೆ, ಕೊನೆಯ ಇಪ್ಪತ್ತು ನಿಮಿಷ ಉಯ್ಯಾಲೆಯ ಮೇಲೆ ಸುಮ್ಮನೆ ಕೂತಿದ್ದಳು, ಪಾಪ. ಹೊಸ ಮಾತು ಹುಟ್ಟಿಸಲು ಸಿನಿಮಾಕ್ಕೆ ಬರುವುದಿಲ್ಲ. ಇದ್ದದ್ದನ್ನೇ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಆ ಕಡೆಯಿಂದ ಈ ಕಡೆಗೆ ಸರಿಸುತ್ತದೆ. ಬುಧವಾರದ ಹೊತ್ತಿಗೆ ಹದಕ್ಕೆ ಬರುತ್ತದೆ. ಆಗ ವಕೀಲರು, ಡಾಕ್ಟರು, ಹೊಸದಾಗಿ ಮದುವೆಯಾದವರು ಇಸ್ತ್ರಿ ಬಟ್ಟೆ ಹಾಕಿಕೊಂಡು ಬರುತ್ತಾರೆ.

ನಾನು ಮುಕ್ತಕ್ಕ. ಆ ಮರದ ಕೆಳಗೆ ಒಲೆ ಹಚ್ಚುತ್ತಾ ಮೂವತ್ತು ವರ್ಷವಾಯಿತು. ಅಭಿಪ್ರಾಯ ಹೇಳದವರಿಗೆ ನಾನು ಟೀ ಕೊಡುವುದಿಲ್ಲ, ಆದರೆ ನಾನು ಮಾತ್ರ ಯಾವ ಸಿನಿಮಾದ ಬಗ್ಗೆಯೂ ತುಟಿ ಬಿಚ್ಚುವುದಿಲ್ಲ. ತಕ್ಕಡಿ ಹಿಡಿದವಳೇ ತಕ್ಕಡಿಯಲ್ಲಿ ಕೂತರೆ ಹೇಗೆ? ಈ ಕಟ್ಟುಪಾಡನ್ನು ನಾನು ಒಂದೇ ಒಂದು ಸಲ ಮುರಿದೆ, ಮುರಿದು ಎಂಥ ಎಡವಟ್ಟು ಮಾಡಿದೆ ಅನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

‘ಬಾವಲಿ ಜಹಗೀರ್ದಾರ’ ಅಂತ ಒಂದು ಸಿನಿಮಾ ಬಂದಿತ್ತು. ರಕ್ತ ಹೀರುವ ಜಹಗೀರ್ದಾರನ ಕಥೆ, ಭಯವೂ ಉಂಟು, ನಗುವೂ ಉಂಟು ಅಂತ ಪೋಸ್ಟರಿನಲ್ಲಿ ಬರೆದಿದ್ದರು. ಬೇರೆ ಎಲ್ಲ ಊರಿನಲ್ಲೂ ಎರಡೇ ದಿನಕ್ಕೆ ಮಕಾಡೆ ಮಲಗಿತು. ನಮ್ಮೂರಿನಲ್ಲಿ ಹನ್ನೊಂದು ವಾರ ಓಡಿತು. ಓಡದೆ ಏನು, ಎರಡನೇ ವಾರದ ಹೊತ್ತಿಗೆ ಅದು ಅವರು ತೆಗೆದ ಸಿನಿಮಾ ಆಗಿ ಉಳಿದಿರಲೇ ಇಲ್ಲ! ಕಪ್ಪು ಕನ್ನಡಕದ ಆ ಪ್ರೊಡ್ಯೂಸರಿಗೆ ಇದೆಲ್ಲ ಏನು ಗೊತ್ತು? ಈ ಊರಿನ ಜನಕ್ಕೆ ಕಲಾಭಿರುಚಿ ಇದೆ ಅಂತ ತಿಳಿದು, ಭಾಗ ಎರಡನ್ನು ಇಲ್ಲೇ ಬಂದು, ನಮ್ಮ ಕಲ್ಯಾಣಮಂಟಪದಲ್ಲೇ, ಹನ್ನೊಂದು ದಿನದಲ್ಲಿ ತೆಗೆದು ಮುಗಿಸಿದ. ಜಹಗೀರ್ದಾರನ ಅರಮನೆಗೆ ಇದ್ದದ್ದು ಒಂದೇ ಬಾಗಿಲು. ಅದರ ಮೇಲೆ ‘ಊಟದ ಹಾಲ್’ ಅಂತ ಬರೆದಿದ್ದನ್ನು ಅಳಿಸಲೂ ಅವರಿಗೆ ಪುರುಸೊತ್ತಿರಲಿಲ್ಲ.

ಕಥೆ ಏನಪ್ಪಾ ಅಂದರೆ, ಜಹಗೀರ್ದಾರನಿಗೆ ವಯಸ್ಸಾಗಿ ಕೋರೆಹಲ್ಲು ಬಿದ್ದುಹೋಗಿದೆ, ಹಲ್ಲು ಕಟ್ಟಿಸಿಕೊಳ್ಳಬೇಕು. ಹಲ್ಲು ಕಟ್ಟಲು ನಮ್ಮೂರಿನ ಏಕಾಂತಪ್ಪನನ್ನು ಹಿಡಿದರು. ಹಳೇ ಅಂಚೆ ಕಚೇರಿ ಬೀದಿಯಲ್ಲಿ ಕಟ್ಟುಹಲ್ಲಿನ ಅಂಗಡಿ ಇಟ್ಟಿರುವ ಆಸಾಮಿ, ಐವತ್ತೆರಡು ವರ್ಷ, ಒಂಟಿ ಜೀವ, ಹೆಗಲ ಮೇಲೆ ಯಾವಾಗಲೂ ಒಂದು ಟವಲು. ನಿಜವಾಗಿ ಹಲ್ಲು ಕಟ್ಟುವವನೇ ಇರುವಾಗ ವೇಷಗಾರ ಯಾಕೆ ಅಂತ ಆ ಪಾತ್ರವನ್ನೂ ಅವನ ಕೈಯಲ್ಲೇ ಮಾಡಿಸಿದರು. ತಟ್ಟೆಯಲ್ಲಿ ಹಲ್ಲಿಟ್ಟುಕೊಂಡು ಬಂದು ‘ಇದೋ ಸ್ವಾಮಿ, ನಿಮ್ಮ ಹಲ್ಲು’ ಅನ್ನಬೇಕು, ಅಷ್ಟೇ. ಆದರೆ ಕ್ಯಾಮೆರಾ ಓಡುವಾಗ ಜಹಗೀರ್ದಾರ ಆಗಲೇ ಹಾಕಿಕೊಂಡಿದ್ದ ಏಕಾಂತಪ್ಪನ ಕಟ್ಟುಹಲ್ಲು ನಿಜವಾಗಿಯೂ ಜಾರಿ, ಕಚ್ಚಿಸಿಕೊಳ್ಳಲು ಕತ್ತು ಚಾಚಿ ಕೂತಿದ್ದ ನಾಯಕಿಯ ಮಡಿಲಿಗೆ ಬಿತ್ತು. ಅವನು ‘ಎಲ್ಲಿ ನನ್ನ ಹಲ್ಲು?’ ಅಂತ ಗುಡುಗಿದ. ತಟ್ಟೆ ಹಿಡಿದು ಬಂದ ಏಕಾಂತಪ್ಪ ಹೇಳಬೇಕಾದ್ದು ಮರೆತು, ಬೇರೆಯೇ ಮೂರು ಮಾತು ಹೇಳಿಬಿಟ್ಟ. “ತಪ್ಪು ನನ್ನದು. ಅಳತೆ ತಗೊಳ್ಳುವಾಗ ನನ್ನ ಗಮನ ಬೇರೆ ಕಡೆ ಇತ್ತು. ನಿಮ್ಮ ದವಡೆ ಸರಿಯಾಗೇ ಇದೆ.” ಇನ್ನೊಂದು ಸಲ ತೆಗೆಯಲು ಅವರ ಹತ್ತಿರ ರೀಲೇ ಇರಲಿಲ್ಲ. ಹಾಗೇ ಉಳಿಯಿತು.

ಆ ಮೂರು ಮಾತು ಎಲ್ಲಿಂದ ಬಂದವು ಅನ್ನುವುದು ನನ್ನ ವಯಸ್ಸಿನವರಿಗೆಲ್ಲ ಗೊತ್ತು. ಏಕಾಂತಪ್ಪನಿಗೆ ಒಬ್ಬಳೇ ತಂಗಿ, ದಾಕ್ಷಾಯಣಿ. ಮದುವೆಗೆ ಇಪ್ಪತ್ತು ದಿನ ಇದೆ ಅನ್ನುವಾಗ ಬಚ್ಚಲಲ್ಲಿ ಜಾರಿ ಮುಂದಿನ ಎರಡು ಹಲ್ಲು ಕಳೆದುಕೊಂಡಳು. ಅಣ್ಣನೇ ಕಟ್ಟಿಕೊಟ್ಟ. ಧಾರೆಯ ದಿನ ಯಾರೋ ಏನೋ ತಮಾಷೆ ಮಾಡಿದರು, ಹುಡುಗಿ ನಕ್ಕಳು, ಎರಡೂ ಹಲ್ಲು ಹೋಗಿ ಬೀಗರ ಪಾಯಸದ ಎಲೆಗೆ ಬಿದ್ದವು. ಎಲ್ಲರೂ ಏಕಾಂತಪ್ಪನ ಮುಖ ನೋಡಿದರು. ಆಗ ಈ ಮಹಾರಾಯ, ತನ್ನ ಕಸುಬಿನ ಹೆಸರು ಉಳಿಸಿಕೊಳ್ಳಲು, ತುಂಬಿದ ಚಪ್ಪರದಲ್ಲಿ ಹೇಳಿದ. “ನನ್ನ ಅಳತೆ ತಪ್ಪಿಲ್ಲ. ಅವಳ ದವಡೇನೇ ಸೊಟ್ಟ.” ಮದುವೆಯೇನೋ ಆಯಿತು. ಗಂಡ ಒಳ್ಳೆಯವನೇ, ಎಂಟು ವರ್ಷ ಬಾಳಿ ತೀರಿಹೋದ. ಆದರೆ ಸೊಟ್ಟಬಾಯಿ ದಾಕ್ಷಿ ಅನ್ನುವ ಹೆಸರು ಹೋಗಲಿಲ್ಲ. ಅವಳು ಆ ಹಲ್ಲನ್ನು ಬಾವಿಗೆ ಎಸೆದಳು. ಹತ್ತೊಂಬತ್ತು ವರ್ಷದಿಂದ ಅಣ್ಣನ ಜೊತೆ ಮಾತಿಲ್ಲ, ನಗು ಬಂದರೆ ಸೆರಗು ಬಾಯಿಗೆ. ಹಿಟ್ಟಿನ ಗಿರಣಿ ನಡೆಸುತ್ತಾಳೆ. ಭಾನುವಾರ ಗಿರಣಿಗೆ ರಜೆ, ಅವತ್ತು ಮಧ್ಯಾಹ್ನದ ಆಟಕ್ಕೆ ಬಂದು, ನನ್ನ ಹತ್ತಿರ ಮಂಡಕ್ಕಿ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾಳೆ. ಟೀ ಕೇಳುವುದಿಲ್ಲ. ಟೀ ಕೇಳಿದರೆ ಎಲ್ಲರ ಮುಂದೆ ಬಾಯಿ ತೆರೆದು ಅಭಿಪ್ರಾಯ ಹೇಳಬೇಕಲ್ಲ.

ಸರಿ, ಭಾಗ ಎರಡು ಶುಕ್ರವಾರ ಬಿಡುಗಡೆಯಾಯಿತು. ಮರದ ಕೆಳಗೆ ನಡೆದ ಮಂಗಳಾರತಿ ಕೇಳಬೇಕಿತ್ತು ನೀವು. “ಬಾವಲಿ ಅಂತೆ ಬಾವಲಿ, ಕೊಡೆ ಬಟ್ಟೆ ಕತ್ತರ್ಸಿ ದಾರಕ್ಕೆ ಕಟ್ಟವ್ರೆ, ದಾರ ಕಾಣ್ತಿತ್ತು!” ಅಂದ ಒಬ್ಬ. ಸಂಜೆ ಆಟದಲ್ಲಿ ದಾರ ಇರಲಿಲ್ಲ. ಬಾವಲಿಗಳೆಲ್ಲ ನೆಲದ ಮೇಲೆ ಬಿದ್ದಿದ್ದವು, ಜಹಗೀರ್ದಾರ ದಾಟಿಕೊಂಡು ಓಡಾಡುತ್ತಿದ್ದ. “ರಕ್ತ ತಿಳಿಸಾರಿನಂಗಿದೆ” ಅಂದಳು ಒಬ್ಬಳು. ಸಂಜೆ ಹೊತ್ತಿಗೆ ರಕ್ತ ಗೊಜ್ಜಿನ ಹಾಗೆ ಗಟ್ಟಿಯಾಗಿ, ಅವನು ಬಟ್ಟಲು ಬಗ್ಗಿಸಿದರೂ ಕೆಳಗಿಳಿಯಲಿಲ್ಲ. ಇಷ್ಟರಲ್ಲಿ ಫಾಲಾಕ್ಷಪ್ಪ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ರಿಟೈರಾದ ಡ್ರಾಯಿಂಗ್ ಮೇಷ್ಟ್ರು, ಬೇರೆ ಊರಿನಿಂದ ಬಂದು ನೆಲೆಸಿದವರು, ಮೊದಲ ಸಾಲಿನ ಮೊದಲ ಸೀಟು ಅವರದು. “ಅಲ್ರೀ, ಆ ಹಲ್ಲಿನೋನ ಸೀನು ಯಾಕ್ ಬೇಕಿತ್ತು? ಎಲ್ರೂ ನಗೋ ಹೊತ್ನಲ್ಲಿ ಮೋರೆ ಜೋತುಹಾಕ್ಕೊಂಡು ನಿಂತಿದಾನೆ. ಮೊಟಕು ಮಾಡ್ಬೇಕು!” ಅಂದರು. ಹೌದು ಹೌದು ಅಂತ ಹತ್ತು ಜನ ತಲೆಯಾಡಿಸಿದರು.

ಶನಿವಾರ ಬೆಳಿಗ್ಗೆ ನಾನು ಒಲೆ ಹಚ್ಚುವ ಮೊದಲೇ ಏಕಾಂತಪ್ಪ ಬಂದು ಮರದ ಕೆಳಗೆ ಕೂತಿದ್ದ. ಮುಖ ಬಾಡಿತ್ತು.

“ಏನೋ ಸಿನಿಮಾ ಸ್ಟಾರು, ಇಷ್ಟ್ ಬೇಗ?” ಅಂದೆ.

“ಕೊನೇ ಮಾತು ಹೋಯ್ತು ಮುಕ್ತಕ್ಕ. ದವಡೆ ಸರಿಯಾಗೇ ಇದೆ ಅನ್ನೋದು. ನಿನ್ನೆ ಸಂಜೆ ಆಟದಲ್ಲಿ ಇರ್ಲಿಲ್ಲ. ಇವತ್ತು ಇನ್ನೆರಡೂ ಹೋಗುತ್ತೆ. ನಾಳೆ ಭಾನುವಾರ, ಅವಳು ಬರೋ ದಿನ.” “ಅವಳು ಕೇಳ್ಲಿ ಅಂತಾನೇ ಬಾಯಿಗೆ ಬಂದಿದ್ದು ಅದು. ಅವಳು ಕೇಳೋಕೆ ಮುಂಚೆ ಅದು ಹೋದ್ರೆ ನಾನ್ ಇನ್ನೊಂದ್ಸಲ ಹೇಳೋನಲ್ಲ.”

“ಎರಡು ಬೀದಿ ದಾಟಿದ್ರೆ ಗಿರಣಿ. ಹೋಗಿ ಎದುರಿಗೇ ಹೇಳೋಕೆ ಏನೋ ದಾಡಿ ನಿಂಗೆ?” ಅಂತ ಗದರಿದೆ.

“ಹೋಗಿಲ್ಲ ಅಂದ್ಕೊಂಡ್ಯಾ? ಹದಿನೈದು ದಿನಕ್ಕೊಂದ್ಸಲ ಹೋಗ್ತೀನಿ, ಐದು ಸೇರು ಗೋಧಿ ತಗೊಂಡು. ಇವತ್ತು ಹೇಳೇಬಿಡ್ತೀನಿ ಅಂತ ಹೋಗ್ತೀನಿ. ಅವಳು ಮುಖ ನೋಡ್ದೆ ಬೀಸಿ ಕೊಡ್ತಾಳೆ. ನನ್ನ ನಾಲ್ಗೆ ಏಳಲ್ಲ. ಹಿಟ್ಟು ಹೊತ್ಕೊಂಡು ವಾಪಸ್ ಬರ್ತೀನಿ.” ಟವಲಿನಲ್ಲಿ ಮುಖ ಒರೆಸಿಕೊಂಡ. “ಮನೇಲಿ ಕಾಲಿಡೋಕೆ ಜಾಗ ಇಲ್ಲ ಮುಕ್ತಕ್ಕ, ಎಲ್ಲ ಹಿಟ್ಟಿನ ಡಬ್ಬ. ನಂಗೆ ಚಪಾತಿ ಸೇರೋದೂ ಇಲ್ಲ.”

ನಗು ಬಂತು. ಹತ್ತೊಂಬತ್ತು ವರ್ಷ ಹಿಟ್ಟು ಹೊತ್ತವನ ಮೂರು ಮಾತನ್ನು ಈ ಜನ ಟೀ ಕುಡಿಯುತ್ತಾ ಕತ್ತರಿಸಿ ಹಾಕುತ್ತಿದ್ದಾರಲ್ಲ ಅಂತ ಸಿಟ್ಟೂ ಬಂತು. ಅವತ್ತು ಮಧ್ಯಾಹ್ನದ ಆಟ ಬಿಟ್ಟಾಗ, ಅದರಲ್ಲಿ ‘ತಪ್ಪು ನನ್ನದು’ ಅನ್ನುವಷ್ಟೇ ಉಳಿದಿತ್ತಂತೆ, ನಾನು ಸೌಟು ಕೆಳಗಿಟ್ಟು ಎದ್ದು ನಿಂತು ಹೇಳಿದೆ. “ಕೇಳ್ರಪ್ಪಾ, ಇವತ್ತು ನಾನೂ ಒಂದು ಅಭಿಪ್ರಾಯ ಹೇಳ್ತೀನಿ. ಈ ಸಿನಿಮಾದಲ್ಲಿ ನೋಡೋ ಹಂಗಿರೋದು ಹಲ್ಲಿನೋನ ಸೀನು ಒಂದೇ. ಅದು ಪೂರ್ತಿ ಇರ್ಬೇಕು.” ಜನ ಟೀ ಲೋಟ ಬಾಯಿಯ ಹತ್ತಿರವೇ ಹಿಡಿದುಕೊಂಡು ನಿಂತುಬಿಟ್ಟರು. ಮುಕ್ತಕ್ಕ ಬಾಯಿ ಬಿಟ್ಟಳು! ಯಾಕೆ ಅಂತ ಕೇಳಿದವರ ಕಿವಿಯಲ್ಲಿ ನಾನೇ ಊದಿದೆ. ಫಾಲಾಕ್ಷಪ್ಪ ಮೇಷ್ಟ್ರು ದಾಕ್ಷಿಯ ಕಥೆ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು. “ಛೆ ಛೆ, ನಂಗೇನ್ ಗೊತ್ತಿತ್ತು? ಎಂಥ ಅಭಿನಯ ರೀ ಅದು! ಇನ್ನೂ ಉದ್ದ ಇರ್ಬೇಕಿತ್ತು!” ಅಂತ ಕೂಗಿದರು.

ಶನಿವಾರ ಸಂಜೆ ಆಟದಲ್ಲಿ ಮೂರೂ ಮಾತು ವಾಪಸು ಬಂದು, ಸೀನು ಹೇಗಿರಬೇಕೋ ಹಾಗಿತ್ತು. ಅಲ್ಲಿಗೆ ಸಾಕು ಅಂತ ನಾನು ಹೇಳಬೇಕಿತ್ತು. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಯಾವಾಗ ನಿಲ್ಲಿಸಬೇಕು ಅನ್ನುವ ಅಂದಾಜೇ ಇರಲಿಲ್ಲ, ನೋಡಿ. ಸುದ್ದಿ ಆಗಲೇ ಊರು ತುಂಬ ಹಬ್ಬಿತ್ತು. ಒಳ್ಳೇ ಕೆಲಸ ಅಂದರೆ ನಮ್ಮ ಜನ ಮುಗಿಬೀಳುತ್ತಾರೆ. ಸಿನಿಮಾ ನೋಡಿದವರು ಬಂದರು, ನೋಡದವರೂ ಬಂದರು. ತರಕಾರಿ ಮಾರುವವಳು ಬುಟ್ಟಿ ಇಳಿಸದೆ “ಹಲ್ಲಿನಣ್ಣನ ಪಾರ್ಟು ಸಾಲ್ದು” ಅಂತ ಕೂಗಿ ಹೋದಳು. ಭಾನುವಾರ ಬೆಳಿಗ್ಗೆ ಭಜನಾ ಮಂಡಳಿಯವರು ಒಟ್ಟಾಗಿ ಬಂದು, ಏಕಾಂತಪ್ಪನನ್ನು ಇನ್ನೂ ಚೆನ್ನಾಗಿ ಬಳಸಿಕೊಳ್ಳಬೇಕಿತ್ತು ಅಂತ ಒಕ್ಕೊರಲಿನಿಂದ ಹೇಳಿದರು. ಅದಕ್ಕೆ ಸಂತೋಷಪಟ್ಟು ನಾನು ಎಲ್ಲರಿಗೂ ಎರಡೆರಡು ಲೋಟ ಟೀ ಕೊಟ್ಟೆ, ನನ್ನ ಬುದ್ಧಿಗಿಷ್ಟು.

ಭಾನುವಾರ ಮಧ್ಯಾಹ್ನ ಅಂಗಡಿಗೆ ಗೋಣಿ ಮುಚ್ಚಿ ನಾನೂ ಒಳಗೆ ಹೋದೆ. ಹೆಂಗಸರ ಸಾಲಿನಲ್ಲಿ ದಾಕ್ಷಾಯಣಿಯ ಪಕ್ಕದಲ್ಲೇ ಕೂತೆ. ಅವಳ ಕೂದಲಿನ ಅಂಚಿನಲ್ಲಿ ಇನ್ನೂ ಹಿಟ್ಟಿತ್ತು. ಹಿಂದಿನ ಗೋಡೆಗೆ ಒರಗಿ ಏಕಾಂತಪ್ಪ ಕೂತಿದ್ದ. ದೀಪ ಆರಿತು, ಗುಡುಗಿನ ಸದ್ದು, ಅರಮನೆಯ ಬಾಗಿಲು ಕಿರ್ರೆಂದು ತೆರೆಯಿತು. ಜಹಗೀರ್ದಾರ ಬರಬೇಕಾದ ಕಡೆ ತಟ್ಟೆ ಹಿಡಿದುಕೊಂಡು ಏಕಾಂತಪ್ಪ ಬಂದ. “ತಪ್ಪು ನನ್ನದು. ಅಳತೆ ತಗೊಳ್ಳುವಾಗ ನನ್ನ ಗಮನ ಬೇರೆ ಕಡೆ ಇತ್ತು. ನಿಮ್ಮ ದವಡೆ ಸರಿಯಾಗೇ ಇದೆ.” ದಾಕ್ಷಾಯಣಿಯ ಕೈ ನನ್ನ ಪಕ್ಕದಲ್ಲಿ ಮರಗಟ್ಟಿದ ಹಾಗಾಯಿತು. ಅಬ್ಬ, ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವನು ಮತ್ತೆ ಬಂದ, ಮತ್ತೆ ಅದನ್ನೇ ಹೇಳಿದ. ಆಮೇಲೆ ಮತ್ತೆ ಬಂದ.

ಅಯ್ಯೋ ದೇವರೇ, ಏನಂತ ಹೇಳಲಿ! ನಾಯಕಿ ತೋಟದಲ್ಲಿ ಹಾಡುತ್ತಿದ್ದರೆ ಗಿಡದ ಹಿಂದಿನಿಂದ ತಟ್ಟೆ ಸಮೇತ ಬಂದು ತಪ್ಪು ನನ್ನದು ಅಂದ. ನೆಲದ ಮೇಲಿನ ಬಾವಲಿಗಳನ್ನು ದಾಟಿ ಬಂದು ತಪ್ಪು ನನ್ನದು ಅಂದ. ನಾಯಕ ಈಟಿ ಹಿಡಿದು ನುಗ್ಗಿದರೆ ಅವನಿಗೂ ನಿಮ್ಮ ದವಡೆ ಸರಿಯಾಗೇ ಇದೆ ಅಂದ. ಜಹಗೀರ್ದಾರನಿಗೆ ಮೂಲೆಯಲ್ಲಿ ನಿಂತು ‘ಎಲ್ಲಿ ನನ್ನ ಹಲ್ಲು?’ ಅನ್ನುವುದು ಬಿಟ್ಟು ಬೇರೆ ಕೆಲಸವೇ ಉಳಿದಿರಲಿಲ್ಲ. ಟಾಕೀಸು ನಗುವಿಗೆ ಅಲ್ಲಾಡಿಹೋಯಿತು, ಜನ ಸೀಟಿನಿಂದ ಜಾರಿ ಬಿದ್ದರು. ಹಿಂದೆ ತಿರುಗಿ ನೋಡಿದರೆ, ನಿಜವಾದ ಏಕಾಂತಪ್ಪ ಟವಲನ್ನು ಮುಖದ ಮೇಲೆ ಎಳೆದುಕೊಂಡು ಕುಗ್ಗಿ ಕೂತಿದ್ದ. ಒಬ್ಬನ ಒಂದೇ ಒಂದು ನಿಜವಾದ ಮಾತನ್ನು ನಾನು ಊರಿನ ನಗೆಪಾಟಲು ಮಾಡಿಬಿಟ್ಟಿದ್ದೆ. ಆಟದ ನಡುವೆ ಬಾಗಿಲು ತೆರೆಯಬಾರದು ಅನ್ನುವುದು ಗೇಟಿನ ಮೆಹಬೂಬ್ ಸಾಬರ ನಿಯಮ. ಏಕಾಂತಪ್ಪನಿಗೆ ಓಡಿಹೋಗಲೂ ದಾರಿ ಇರಲಿಲ್ಲ.

ಹೆದರಿಕೊಂಡೇ ಪಕ್ಕಕ್ಕೆ ನೋಡಿದೆ. ದಾಕ್ಷಾಯಣಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ತೆರೆಯ ಮೇಲೆ ಅಣ್ಣ ಮತ್ತೆ ಬಂದ, ಈ ಸಲ ನಾಯಕಿಯ ಮದುವೆಮಂಟಪದೊಳಗೇ ತಟ್ಟೆ ಹಿಡಿದು ನಿಂತು, ನಿಮ್ಮ ದವಡೆ ಸರಿಯಾಗೇ ಇದೆ ಅಂದ. ದಾಕ್ಷಾಯಣಿ ನಕ್ಕುಬಿಟ್ಟಳು. ಸೆರಗು ಮಡಿಲಲ್ಲೇ ಇತ್ತು. ಎರಡು ಹಲ್ಲಿನ ಜಾಗ ಖಾಲಿ ಇಟ್ಟುಕೊಂಡು ಹೊಟ್ಟೆ ಹಿಡಿದು ನಕ್ಕಳು. ಅವಳ ನಗು ಇಷ್ಟು ದೊಡ್ಡದು ಅಂತ ನನಗೆ ಮರೆತೇಹೋಗಿತ್ತು.

ಆಟ ಬಿಟ್ಟಿತು. ಏಕಾಂತಪ್ಪ ಹಿಂದಿನ ಬಾಗಿಲಿನಿಂದ ತಲೆ ತಗ್ಗಿಸಿಕೊಂಡು ನುಸುಳಿಹೋದ. ಜನವೆಲ್ಲ ಮರದ ಕೆಳಗೆ ಬಂದರು, ಆದರೆ ಯಾರಿಗೂ ಏನು ಹೇಳಬೇಕು ಅಂತ ತಿಳಿಯದೆ ಚಪ್ಪಲಿಯಲ್ಲಿ ನೆಲ ಕೆರೆಯುತ್ತಿದ್ದರು. ಮೇಷ್ಟ್ರು ಆಕಾಶ ನೋಡುತ್ತಿದ್ದರು. ಮಂಡಕ್ಕಿ ಕಟ್ಟಲು ನಾನು ಕಾಗದ ತೆಗೆದುಕೊಂಡೆ.

“ಮಂಡಕ್ಕಿ ಬ್ಯಾಡ. ಟೀ ಕೊಡು” ಅಂದಳು ದಾಕ್ಷಾಯಣಿ.

ಅವಳು ಲೋಟ ಕೈಗೆ ತೆಗೆದುಕೊಂಡು, ಟಾಕೀಸಿನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಅಭಿಪ್ರಾಯ ಹೇಳಿದಳು. “ಸಿನಿಮಾದಲ್ಲಿ ಹೇಳಿದ್ದು ಸಾಕು. ಅವನು ತಟ್ಟೆ ಕೆಳಗಿಟ್ಟು ಮನೆಗೆ ಬರ್ಲಿ.” ಟೀ ಮುಗಿಸಿ ಲೋಟ ಇಟ್ಟು ಹೋದಳು. ಅದರ ಮೇಲೆ ಬಾಯಿ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಇದ್ಯಾವುದೂ ಏಕಾಂತಪ್ಪನಿಗೆ ಗೊತ್ತಿಲ್ಲ. ಓಡಿಹೋಗಿ ಹೇಳೋಣ ಅಂತ ಎದ್ದೆ, ಹಾಗೇ ಕೂತೆ. ನನ್ನ ಬಾಯಿಂದ ಆದದ್ದೇ ಸಾಕಾಗಿತ್ತು.

ಸಂಜೆ ಆಟಕ್ಕೆ ಅವನು ಬಂದ. ತನ್ನ ಮಾನ ಇನ್ನೂ ಎಷ್ಟು ಹೋಗುವುದಿದೆ ಅಂತ ನೋಡಲು ಬಂದೆ ಅಂತ ಮೆಹಬೂಬ್ ಸಾಬರ ಹತ್ತಿರ ಅಂದನಂತೆ. ನಾನು ಬಾಗಿಲ ಪರದೆಯ ಸಂದಿಯಲ್ಲಿ ನಿಂತುಕೊಂಡೆ. ತೆರೆಯ ಮೇಲೆ ಜಹಗೀರ್ದಾರನ ಹಲ್ಲು ಜಾರಿ ಬಿತ್ತು. ಏಕಾಂತಪ್ಪ ತಟ್ಟೆ ಹಿಡಿದು ಬಂದ. ಬಾಯಿ ತೆರೆದ. ಏನೂ ಹೇಳಲಿಲ್ಲ. ಬಗ್ಗಿ ತಟ್ಟೆಯನ್ನು ನೆಲದ ಮೇಲಿಟ್ಟ, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ, ‘ಊಟದ ಹಾಲ್’ ಅಂತ ಬರೆದಿದ್ದ ಬಾಗಿಲು ತೆಗೆದು ಹೊರಗೆ ಹೋದ. ಬಾಗಿಲಾಚೆ ಗಿರಣಿಯ ಕಡೆ ಹೋಗುವ ಬೀದಿ ಕಾಣಿಸಿತು. ಅವನು ಹೋಗುತ್ತಲೇ ಇದ್ದ. ಹಿಂದಿನಿಂದ ಜಹಗೀರ್ದಾರ ‘ಎಲ್ಲಿ ನನ್ನ ಹಲ್ಲು?’ ಅಂತ ಕೂಗಿದ. ಮುಂದೆ ಸಿನಿಮಾ ಮುಗಿಯುವವರೆಗೂ ಬೊಚ್ಚುಬಾಯಲ್ಲಿ ಅದನ್ನೇ ಕೂಗುತ್ತಿದ್ದನಂತೆ. ನಾನು ನೋಡಲಿಲ್ಲ, ಯಾಕೆಂದರೆ ಆ ಹೊತ್ತಿಗೆ ನಿಜವಾದ ಏಕಾಂತಪ್ಪ ಸೀಟಿನಿಂದ ಎದ್ದು ಟವಲು ಕೊಡವುತ್ತಿದ್ದ. ಮೆಹಬೂಬ್ ಸಾಬರು ಅವನ ಮುಖ ನೋಡಿ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಆಟದ ನಡುವೆ ಬಾಗಿಲು ತೆಗೆದರು.

ಸುಳ್ಳು ಯಾಕೆ ಹೇಳಲಿ, ಹಿಂದೆಯೇ ನಾನೂ ಹೋದೆ. ಅವನು ಅಂಗಡಿಗೆ ನುಗ್ಗಿ ಅಳತೆ ತೆಗೆಯುವ ಮೇಣದ ಡಬ್ಬ ಹಿಡಿದುಕೊಂಡು, ಅವಳ ಮನೆಗೆ ಅಂಟಿಕೊಂಡಿರುವ ಗಿರಣಿಗೆ ಬಂದ. ರಜೆಯ ದಿನವಾದರೂ ಬಾಗಿಲು ತೆರೆದಿತ್ತು. ದಾಕ್ಷಾಯಣಿ ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತಿದಳು.

“ಗೋಧಿ ಎಲ್ಲಿ?”

“ತಂದಿಲ್ಲ.”

ಅಷ್ಟಕ್ಕೇ ಅವನ ಮಾತು ನಿಂತುಹೋಯಿತು. ಮೇಣದ ಡಬ್ಬವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಹೇಳೋ ಮಾರಾಯಾ ಅಂತ ನಾನು ಬಾಗಿಲ ಹೊರಗೆ ಸೆರಗು ಕಚ್ಚಿಕೊಂಡು ನಿಂತಿದ್ದೆ.

“ಅಷ್ಟ್ ಜನರ ಮುಂದೆ ಅಷ್ಟ್ ಸಲ ಹೇಳಿದೋನಿಗೆ, ಇಲ್ಲಿ ಒಂದ್ಸಲ ಹೇಳೋಕೆ ಏನಾಗೈತೆ?” ಅಂದಳು ಅವಳು.

“ತಪ್ಪು ನಂದು ದಾಕ್ಷಿ” ಅಂದ. ಧ್ವನಿ ಬಹಳ ಸಣ್ಣಗಿತ್ತು. “ಅಳತೆ ತಗೊಳ್ಳೋವಾಗ ಹೊರಗೆ ಟಾಕೀಸಿನ ಜೀಪು ಹೋಗ್ತಿತ್ತು. ಯಾವ ಸಿನಿಮಾ ಅಂತ ಕಿಟಕೀಲಿ ಬಗ್ಗಿ ನೋಡ್ತಿದ್ದೆ. ಅಷ್ಟಕ್ಕೇ ಹಂಗಾಯ್ತು. ನಿನ್ನ ದವಡೆ ಸರಿಯಾಗೇ ಐತೆ. ಮೊದ್ಲಿಂದ್ಲೂ ಸರಿಯಾಗೇ ಇತ್ತು.”

ಅವಳು ಜರಡಿ ಪಕ್ಕಕ್ಕಿಟ್ಟು, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡು, ದೀಪದ ಕೆಳಗೆ ಮಣೆ ಎಳೆದು ಕೂತಳು. “ಹಂಗಾದ್ರೆ ಈಗ ನೆಟ್ಟಗೆ ತಗೋ” ಅಂತ ಬಾಯಿ ಅಗಲವಾಗಿ ತೆರೆದಳು. ಅವನು ಮಂಡಿಯೂರಿ, ಮೇಣ ಹದ ಮಾಡಿ ಅವಳ ಒಸಡಿಗೆ ಒತ್ತಿದ. ಅದೇ ಹೊತ್ತಿಗೆ ಬೀದಿಯಲ್ಲಿ ಟಾಕೀಸಿನ ಜೀಪು ಬಂತು, ಬರುವ ಶುಕ್ರವಾರದ ಹೊಸ ಸಿನಿಮಾದ ಹೆಸರನ್ನು ಮೈಕಿನಲ್ಲಿ ಕೂಗುತ್ತಾ, ಬಣ್ಣದ ಚೀಟಿ ಎರಚುತ್ತಾ. ನಾನು ತಿರುಗಿ ನೋಡಿದೆ. ಬಾಯಿ ತೆರೆದುಕೊಂಡೇ ದಾಕ್ಷಾಯಣಿಯೂ ಕಣ್ಣು ಹೊರಳಿಸಿದಳು. ಏಕಾಂತಪ್ಪ ತಲೆ ಎತ್ತಲಿಲ್ಲ.